ಕೊನೆಯ ತಿದ್ದುಪಡಿ: ಸೋಮವಾರ, 3.42

2006ರಲ್ಲಿ ನಾನು ಕಾರವಾರದ ಹಬ್ಬುವಾಡದಲ್ಲಿದ್ದ ಒಂದು ನಾವಿಕರ ಸಂಘಕ್ಕೆ ಕಾರ್ಯದರ್ಶಿಯಾಗಿದ್ದೆ. ದೊಡ್ಡ ಹುದ್ದೆಯೇನಲ್ಲ. ಬೆಳಿಗ್ಗೆ ಬೀಗ ತೆಗೆಯುವುದು, ದಿನವಿಡೀ ಪತ್ರ ಬರೆಯುವುದು, ಸಂಜೆ ಬೀಗ ಹಾಕುವುದು. ಹಾಕಿದ ಬೀಗವನ್ನು ಮೂರು ಸಲ ಜಗ್ಗಿ ನೋಡುವುದು ನನ್ನ ಸ್ವಂತ ಸೇರ್ಪಡೆ.

ಸಂಘದ್ದೊಂದು ಆನ್‌ಲೈನ್ ಫೋರಂ ಇತ್ತು. ಫೋರಂ ಎಂದರೆ ಚರ್ಚೆಯ ಜಾಲತಾಣ. ಒಬ್ಬರು ಬರೆದರೆ ಅದರ ಕೆಳಗೆ ಉಳಿದವರು ಉತ್ತರಿಸುತ್ತಾರೆ. ಹೀಗೆ ಬರೆದ ಒಂದೊಂದು ತುಂಡೂ ಒಂದು ‘ಪೋಸ್ಟ್’. ಕಾರವಾರ, ಸದಾಶಿವಗಡ, ಅಂಕೋಲೆಯಿಂದ ಸರಕು ಹಡಗುಗಳಿಗೆ ಹೋದವರು ಬಂದರು ಸಿಕ್ಕಾಗ ಬರೆಯುತ್ತಿದ್ದರು. ಮನೆಯವರು ವಾರಕ್ಕೊಮ್ಮೆ ಪೇಟೆಯ ಕಂಪ್ಯೂಟರ್ ಅಂಗಡಿಗೆ ಬಂದು ಓದುತ್ತಿದ್ದರು. ಅದರ ಮಾಡರೇಟರ್ ನಾನು. ಅಂದರೆ ಯಾರ ಪೋಸ್ಟನ್ನು ಬೇಕಾದರೂ ತಿದ್ದುವ ಅಧಿಕಾರ ನನಗಿತ್ತು. ಮನೆಯಲ್ಲಿ ಟಿವಿಯ ಚಾನೆಲ್ ಬದಲಿಸುವ ಅಧಿಕಾರವೂ ಇಲ್ಲದವನಿಗೆ ಇದು ತುಸು ಹೆಚ್ಚೇ ಆಯಿತು.

ನಿಯಮಗಳು ಏಳಿದ್ದವು. ನಾಲ್ಕನೆಯದು, ಪೋಸ್ಟಿನಲ್ಲಿ ಫೋನ್ ನಂಬರ್ ಹಾಕುವಂತಿಲ್ಲ. ಯಾರೋ ಅಪರಿಚಿತ ಫೋರಂನಿಂದ ನಂಬರ್ ಎತ್ತಿಕೊಂಡು ನಾವಿಕರೊಬ್ಬರ ಹೆಂಡತಿಗೆ ಪದೇ ಪದೇ ಫೋನ್ ಮಾಡಿ ಕಾಡಿದ ಮೇಲೆ ಮಾಡಿದ ನಿಯಮ ಅದು. ಪೋಸ್ಟನ್ನು ತಿದ್ದಿದಾಗೆಲ್ಲ ಸಾಫ್ಟ್‌ವೇರ್ ತಾನಾಗಿಯೇ ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಸಾಲು ಸೇರಿಸುತ್ತಿತ್ತು: ತಿದ್ದಿದವರ ಹೆಸರು, ವಾರ, ಸಮಯ.

ಆ ಹೆಸರೇ ನನಗೆ ಕಂಟಕ. ಸದಾಶಿವಗಡದ ಸೆಕೆಂಡ್ ಎಂಜಿನಿಯರ್ ಒಬ್ಬರು, ಅವರ ಬೈಗುಳವೊಂದನ್ನು ನಾನು ತೆಗೆದದ್ದಕ್ಕೆ, ನೇರ ಕಚೇರಿಗೇ ಫೋನ್ ಮಾಡಿದರು.

“ನಾ ಬರ್ದದ್ದು ತಿದ್ದೂಕೆ ನೀವ್ಯಾರ್ರೀ? ನಾ ಹಡಗು ನಡೆಸ್ತೆ. ನೀವು ಎಂತಾ ನಡೆಸ್ತ್ರಿ? ಬೀಗ!”

ಇಂಥ ನಾಲ್ಕೈದು ಕರೆ ಬಂದ ಮೇಲೆ, ಜಾಲತಾಣ ಕಟ್ಟಿಕೊಟ್ಟವರಿಗೆ ಹೇಳಿ ಆ ಸಾಲಿನಿಂದ ಹೆಸರನ್ನು ತೆಗೆಸಿಬಿಟ್ಟೆ. ವಾರ, ಸಮಯ ಇರಲಿ, ಅದರಿಂದ ಯಾರಿಗೇನು ತೊಂದರೆ ಅಂದುಕೊಂಡೆ. ಕರೆಗಳು ನಿಂತವು. ಅಂಥ ನೆಮ್ಮದಿ ನನಗೆ ಅಪರೂಪ. ಅನುಮಾನ ಪಡಬೇಕಾಗಿದ್ದದ್ದು ಅಲ್ಲೇ.

ಇನ್ನೊಂದು ಅಭ್ಯಾಸವಿತ್ತು. ಏನನ್ನೇ ಅಳಿಸುವ ಮೊದಲು ಅದನ್ನು ಕೈಯಲ್ಲೇ ಒಂದು ನೋಟ್‌ಬುಕ್ಕಿಗೆ ಇಳಿಸಿಕೊಳ್ಳುತ್ತಿದ್ದೆ, ನಾಳೆ ಯಾರಾದರೂ ಕೇಳಿದರೆ ಎಂಬ ಭಯಕ್ಕೆ. ಅಧ್ಯಕ್ಷರು ಅದಕ್ಕೆ ‘ಹೆದರಿಕೆ ಪುಸ್ತಕ’ ಎಂದು ಹೆಸರಿಟ್ಟಿದ್ದರು.

ಆ ವರ್ಷದ ಮಳೆಗಾಲ ಇನ್ನೂ ಹಿಡಿದಿರಲಿಲ್ಲ. ಒಂದು ಸೋಮವಾರ ಮಧ್ಯಾಹ್ನ ಕೆಲಸವಿಲ್ಲದೆ ಕೂತವನು, ಹಳೆಯ ಪೋಸ್ಟುಗಳಲ್ಲಿ ಉಳಿದುಹೋಗಿದ್ದ ನಂಬರುಗಳನ್ನು ಹುಡುಕಿ ತೆಗೆಯತೊಡಗಿದೆ. ಹತ್ತೊಂಬತ್ತು ಸಿಕ್ಕವು. ನೋಟ್‌ಬುಕ್ಕಿಗೆ ಇಳಿಸುವುದು, ಅಳಿಸುವುದು, ಮುಂದಿನದಕ್ಕೆ ಹೋಗುವುದು. ನಾಲ್ಕನೆಯದರ ಹೊತ್ತಿಗೆ ನಾನು ಅಂಕಿಗಳನ್ನು ಮಾತ್ರ ನೋಡುತ್ತಿದ್ದೆ, ಬರೆದವರ ಹೆಸರನ್ನಲ್ಲ.

ಹನ್ನೊಂದನೆಯ ಪೋಸ್ಟ್ ವಿನಾಯಕರದ್ದು. ಅವರು ಬಾಳೆಗುಳಿ ಸಮೀಪದವರು, ಹಡಗಿನ ಎಂಜಿನ್ ವಿಭಾಗದ ಮೋಟರ್‌ಮನ್. ಗಲ್ಫಿನ ಒಂದು ಬಂದರಿನಿಂದ ಹೊರಡುವ ಮೊದಲು ಬರೆದಿದ್ದರು: ಹಡಗು ಹೊರಟಿತು, ತೀರಾ ಅವಸರವಿದ್ದರೆ ಇಲ್ಲಿಯ ಏಜೆಂಟರಿಗೆ ಫೋನ್ ಮಾಡಿ. ಏಜೆಂಟ್ ಎಂದರೆ ಬಂದರಿನಲ್ಲಿ ಹಡಗಿನ ಪರವಾಗಿ ಕೆಲಸ ನೋಡುವವರು. ಕೆಳಗೆ ಅವರ ನಂಬರ್. ನಾನು ಅದನ್ನು ತೆಗೆದೆ. ಆಗ 3.42.

ಆ ಪೋಸ್ಟ್ ಬರೆದ ಮೇಲೆ ಇಪ್ಪತ್ತೆರಡು ದಿನಗಳಿಂದ ವಿನಾಯಕರ ಸುದ್ದಿಯೇ ಇರಲಿಲ್ಲ. ಇದು ನನಗೆ ಗೊತ್ತಿರಲಿಲ್ಲ ಎನ್ನಲು ಬಾಯಿ ಬರುವುದಿಲ್ಲ. ಅವರ ಹೆಂಡತಿ ಲಲಿತಾ “ಈ ಹಡಗಿನ ವಿಷಯ ಯಾರಿಗಾದರೂ ಗೊತ್ತಾ” ಎಂದು ಫೋರಂನಲ್ಲೇ ಬೇರೆ ಕಡೆ ಕೇಳಿದ್ದನ್ನು ನಾನು ಓದಿದ್ದೆ, ಓದಿ ಎರಡು ದಿನ ಚಿಂತೆಯನ್ನೂ ಮಾಡಿದ್ದೆ. ಚಿಂತೆ ಮಾಡುವುದರಲ್ಲಿ ನಾನು ಯಾರಿಗೂ ಮೋಸ ಮಾಡಿದವನಲ್ಲ. ಗಮನವಿಟ್ಟು ಕೆಲಸ ಮಾಡುವುದು ಬೇರೆ.

ಬುಧವಾರ ನಾನು ನೆಂಟರ ಮದುವೆಗೆ ರಜೆ ಹಾಕಿದ್ದೆ. ಗುರುವಾರ ಬೆಳಿಗ್ಗೆ ಫೋರಂ ತೆರೆದರೆ ಲಲಿತಾ ಮಂಗಳವಾರ ಸಂಜೆ, ನಾನು ಬೀಗ ಹಾಕಿ ಹೋದ ಮೇಲೆ, ಬರೆದ ಪೋಸ್ಟ್ ಮೇಲೆಯೇ ಇತ್ತು: “ನಮ್ಮವರು ಬಂದರು ಮುಟ್ಟಿದಾರೆ. ನಿನ್ನೆ ಮಧ್ಯಾಹ್ನ ಅವರ ಪೋಸ್ಟ್ ತಿದ್ದಿದಾರೆ. ಏಜೆಂಟರ ನಂಬರ್ ಅವರೇ ತೆಗೆದಿದಾರೆ, ಇನ್ನು ಬೇಡ ಅಂತ. ಎಲ್ಲರಿಗೂ ಉಪಕಾರ.” ಅದರ ಕೆಳಗೆ ಇಪ್ಪತ್ತಾರು ಅಭಿನಂದನೆಗಳು.

ವಿನಾಯಕರ ಪೋಸ್ಟಿನ ಕೆಳಗಿದ್ದ ಸಾಲು ನೋಡಿದೆ. ‘ಕೊನೆಯ ತಿದ್ದುಪಡಿ: ಸೋಮವಾರ, 3.42.’ ಹೆಸರಿಲ್ಲ. ಹೆಸರಿಲ್ಲದ ಮೇಲೆ ಹೆಂಡತಿಯಾದವಳು ಇನ್ನಾರ ಹೆಸರನ್ನು ಓದಿಕೊಳ್ಳಬೇಕು?

ಮನೆಗೆ ಫೋನ್ ಮಾಡಿ ಹೆಂಡತಿಗೆ ಹೇಳಿದೆ. ಸುಮ್ಮನೆ ಸಾಲನ್ನು ಸರಿಪಡಿಸಿಬಿಡಲೇ, ಲಲಿತಾರ ಪಕ್ಕದ ಮನೆಗೆ ಫೋನ್ ಮಾಡಲೇ, ಅಧ್ಯಕ್ಷರಿಂದ ಹೇಳಿಸಲೇ ಎಂದು ಒಂದೊಂದಾಗಿ ಕೇಳಿದೆ.

“ಫೋನಲ್ಲಿ ಹೇಳೂ ಮಾತಲ್ಲ ಅದು,” ಎಂದಳು. “ಬಸ್ಸು ಹತ್ತಿ. ಛತ್ರಿ ತಕಂಡು ಹೋಗಿ. ಮತ್ತೆ ಬೀಗ ಒಂದೇ ಸಲ ಜಗ್ಗಿ, ಬಸ್ಸು ತಪ್ಪೂದು.”

ಹೆದರಿಕೆ ಪುಸ್ತಕವನ್ನು ಚೀಲಕ್ಕೆ ಹಾಕಿಕೊಂಡೆ. ತಪ್ಪೊಪ್ಪಿಕೊಳ್ಳಲು ಹೋಗುವವನಿಗೂ ದಾಖಲೆ ಬೇಕು ಅನ್ನಿಸುವ ಸ್ವಭಾವ ನನ್ನದು. ಬಸ್ಸಿನಲ್ಲಿ ಅಂಕೋಲೆಯವರೆಗೂ ಮೊದಲ ವಾಕ್ಯವನ್ನೇ ಕಟ್ಟುತ್ತಿದ್ದೆ. ಬಾಳೆಗುಳಿ ಕ್ರಾಸಿನಲ್ಲಿ ಇಳಿಯುವಾಗಲೂ ಅದು ತಯಾರಾಗಿರಲಿಲ್ಲ.

ಗದ್ದೆಯಂಚಿನ ಮನೆ. ಸಂಘದವನು ಎಂದ ಕೂಡಲೇ ವಿನಾಯಕರ ತಾಯಿ ಚಾಪೆ ಹಾಸಿದರು. ಒಂದು ತಟ್ಟೆಯಲ್ಲಿ ಕಾಯಿಚೂರು, ಬೆಲ್ಲ ತಂದಿಟ್ಟರು.

“ತಿನ್ನು ತಮಾ. ನಿನ್ನೆ ದೇವ್ರಿಗೆ ಒಡ್ಸಿದ ಕಾಯಿ. ಮಗ ಮುಟ್ಟಿದ ಅಂತ ಗೊತ್ತಾಯ್ತಲ, ಅದಕ್ಕೆ.”

ಚೂರನ್ನು ಕೈಯಲ್ಲಿ ಹಿಡಿದುಕೊಂಡೆ. ತಿನ್ನಲಾಗಲಿಲ್ಲ, ಇಡಲೂ ಆಗಲಿಲ್ಲ. ಲಲಿತಾ ಒಳಗಿಂದ ಬಂದು ಬಾಗಿಲ ಬಳಿ ನಿಂತರು. ಮೂವತ್ತರ ಆಸುಪಾಸಿನ ಹೆಣ್ಣುಮಗಳು, ನಗುತ್ತಿದ್ದರು.

“ಆ ಪೋಸ್ಟು ತಿದ್ದಿದ್ದು ಅವರಲ್ಲ, ಲಲಿತಾ,” ಎಂದೆ. “ನಾನು. ನಂಬರ್ ತೆಗೆದದ್ದೂ ನಾನೇ. ಅವರ ಸುದ್ದಿ ಏನೂ ಬಂದಿಲ್ಲ.”

ಅಷ್ಟು ದೂರ ಕಟ್ಟಿಕೊಂಡು ಬಂದ ವಾಕ್ಯಗಳಲ್ಲಿ ಇದು ಇರಲಿಲ್ಲ.

ಮುದುಕಿಗೆ ಪೂರ್ತಿ ಅರ್ಥವಾಗಲಿಲ್ಲ. “ಎಂತಾ ಅಂತಾನೆ ಇವ? ಮುಟ್ಟಲ್ವನೇ?” ಎಂದು ಸೊಸೆಯನ್ನು ಕೇಳಿದರು. ಲಲಿತಾ ನನ್ನನ್ನೇ ನೋಡಿದರು.

“ಎಂತಕ್ಕೆ ತೆಗೆದ್ರಿ ಸರ?”

“ನಿಯಮ ಹಾಗಿತ್ತು.”

“ನಾ ಮಂಗಳವಾರ ಪೇಟೆಗೆ ಹೋದದ್ದೇ ಆ ನಂಬರ್ ಬರ್ಕೊಂಡು ಬರೂಕೆ. ಹಡಗು ಕಂಪ್ನಿಯ ಮುಂಬೈ ಆಫೀಸ್ನವ್ರು ‘ಕಾಯಿರಿ, ಕಾಯಿರಿ’ ಅಂತಿದ್ರು. ಏಜೆಂಟ್ರಿಗೇ ಮಾಡ್ವ ಅಂತ ಹೋದೆ. ನೋಡಿದ್ರೆ ನಂಬರಿಲ್ಲ, ನಿನ್ನೆ ತಿದ್ದಿದ್ದು ಅಂತ ಉಂಟು. ಅಂಗಡಿಯವ್ರ ಎದುರೇ ಅತ್ತುಬಿಟ್ಟೆ, ಖುಷಿಗೆ.” ಮತ್ತೆ ಕೇಳಿದರು: “ಹಾಂಗಾರೆ ಈಗ ಆ ನಂಬರ್ ಎಲ್ಲೂ ಇಲ್ಲ?”

ನಮ್ಮ ಸಾಫ್ಟ್‌ವೇರ್ ಹಳೆಯ ಪ್ರತಿಯನ್ನು ಇಟ್ಟುಕೊಳ್ಳುತ್ತಿರಲಿಲ್ಲ. ನಾನು ಚೀಲದಿಂದ ನೋಟ್‌ಬುಕ್ ತೆಗೆದೆ. ಹನ್ನೊಂದನೆಯ ಸಾಲು. ಅದನ್ನು ನೋಡಿದ ಕೂಡಲೇ ಲಲಿತಾ ಚಪ್ಪಲಿ ಮೆಟ್ಟಿದರು.

ಕ್ರಾಸಿನ ಎಸ್‌ಟಿಡಿ ಬೂತಿನಿಂದ ನಾನೇ ಮಾತಾಡಿದೆ. ಏಜೆಂಟರ ಕಚೇರಿಯಲ್ಲಿ ಎತ್ತಿಕೊಂಡವರು ಮಲಯಾಳಿ, ಹಿಂದಿಯಲ್ಲಿ ಹೇಳಿದರು: ಹಡಗಿನ ಎಂಜಿನ್ ಕೆಟ್ಟು, ಎಳೆದು ತಂದು ಅದೇ ಬಂದರಿನ ಹೊರಗೆ ಲಂಗರು ಹಾಕಿಸಿದ್ದಾರೆ. ಎಲ್ಲರೂ ಕ್ಷೇಮ. ಕಾಗದಪತ್ರ ಮುಗಿಯುವವರೆಗೆ ಯಾರನ್ನೂ ದಡಕ್ಕೆ ಬಿಡುವುದಿಲ್ಲ. ಹಡಗಿನ ಸ್ಯಾಟಲೈಟ್ ಫೋನ್ ಕೆಟ್ಟಿದೆ, ರೇಡಿಯೋದಲ್ಲಿ ಕೆಲಸದ ಮಾತು ಮಾತ್ರ.

ನಾನು “ಕ್ಷೇಮ” ಎಂದು ಹೇಳುವಷ್ಟರಲ್ಲಿ ಲಲಿತಾ ಬೂತಿನ ಗಾಜಿಗೆ ಹಣೆಯಿಟ್ಟು ನಿಂತಿದ್ದರು.

“ನಾವೆಲ್ಲ ಆರಾಮ ಅಂತ ಅವರಿಗೆ ಹೇಳೂಕೆ ಹೇಳಿ,” ಎಂದರು.

ಕೇಳಿದೆ. ಮನೆಗಳಿಂದ ಬಂದ ಸುದ್ದಿಯನ್ನೆಲ್ಲ ಚೀಟಿಯಲ್ಲಿ ಬರೆದು, ಆಹಾರ ಸಾಮಾನು ಒಯ್ಯುವ ಸಣ್ಣ ಮೋಟಾರು ದೋಣಿಯಲ್ಲಿ, ಲಾಂಚಿನಲ್ಲಿ, ಕಳಿಸುತ್ತಾರಂತೆ. ಲಾಂಚು ನಿನ್ನೆ, ಬುಧವಾರ ಬೆಳಿಗ್ಗೆಯೇ ಹೋಗಿ ಬಂದಿದೆ. ಮುಂದಿನದು ಹನ್ನೆರಡು ದಿನಕ್ಕೆ.

ಮಂಗಳವಾರ ಆ ನಂಬರ್ ಇದ್ದಲ್ಲೇ ಇದ್ದಿದ್ದರೆ, ಚೀಟಿ ಬುಧವಾರದ ಲಾಂಚಿನಲ್ಲಿ ಇರುತ್ತಿತ್ತು. ಇದನ್ನು ನಾನು ಬಿಡಿಸಿ ಹೇಳಬೇಕಾಗಲಿಲ್ಲ.

ಮರುದಿನ ಫೋರಂನಲ್ಲಿ ನಡೆದದ್ದನ್ನೆಲ್ಲ ನನ್ನ ಹೆಸರು ಹಾಕಿ ಬರೆದೆ. ಸಂಜೆಯೊಳಗೆ ಆ ಇಪ್ಪತ್ತಾರು ಅಭಿನಂದನೆಗಳಲ್ಲಿ ಹದಿನೇಳು ಮಾಯ. ನಮ್ಮಲ್ಲಿ ಸದಸ್ಯರು ತಮ್ಮ ಪೋಸ್ಟನ್ನು ತಿದ್ದಬಹುದಿತ್ತು, ಪೂರ್ತಿ ಕಿತ್ತುಹಾಕುವಂತಿರಲಿಲ್ಲ; ಹಾಗಾಗಿ ಅಕ್ಷರ ಅಳಿಸಿ ಒಂದೊಂದು ಚುಕ್ಕೆ ಇಟ್ಟು ಹೋಗಿದ್ದರು. ಸಾಲಾಗಿ ಹದಿನೇಳು ಚುಕ್ಕೆ. ನಾಚಿಕೆ ನನ್ನೊಬ್ಬನದಲ್ಲ ಎಂದು ಸಮಾಧಾನ ಪಡಲು ನೋಡಿದೆ, ಆಗಲಿಲ್ಲ. ಲಲಿತಾ ಮಾತ್ರ ತಮ್ಮ ಪೋಸ್ಟನ್ನು ಮುಟ್ಟಲಿಲ್ಲ. ಅದರ ಕೆಳಗೆ “ಇದು ನಾನು ತಪ್ಪು ತಿಳಿದದ್ದು” ಎಂದು ಹೊಸದಾಗಿ ಬರೆದರು. ತಪ್ಪು ಯಾರದೆಂದು ಬರೆಯಲಿಲ್ಲ.

ವಿನಾಯಕರು ದೀಪಾವಳಿಗೆ ಮೊದಲು ಊರಿಗೆ ಬಂದರು. ಒಂದು ದಿನ ಗಂಡ ಹೆಂಡತಿ ಇಬ್ಬರೂ ಹಬ್ಬುವಾಡದ ಕಚೇರಿಗೆ ಬಂದರು. ಜಗಳಕ್ಕೆ ಬಂದಿರಬೇಕೆಂದು ಮೊದಲು ನೀರು ಕೊಟ್ಟೆ. ವಿನಾಯಕರು ಕುಡಿದು ಲೋಟ ಕೆಳಗಿಟ್ಟರು.

“ಆ ಲಾಂಚಲ್ಲಿ ಹನ್ನೊಂದು ಜನ್ರಿಗೆ ಚೀಟಿ ಬಂತು ಸರ. ಕ್ಯಾಪ್ಟನ್ ಒಬ್ಬೊಬ್ರ ಹೆಸ್ರು ಕೂಗಿ ಕೊಟ್ಟ. ನನ್ನ ಹೆಸ್ರು ಕೂಗಲಿಲ್ಲ. ಮನೇಲಿ ಆಯಿಗೇ ಏನೋ ಆಯ್ತು, ಹೇಳೂಕಾಗ್ದೆ ಸುಮ್ನಿದಾರೆ ಅಂದ್ಕಂಡೆ. ಹನ್ನೆರಡು ದಿನ.”

ಹನ್ನೆರಡು ದಿನ ನನ್ನ ಪಾಲಿನ ಚಿಂತೆಯನ್ನು ಇನ್ನೊಬ್ಬ ಮನುಷ್ಯ, ನೀರಿನ ಮೇಲೆ ಕೂತು, ನನಗಿಂತ ಚೆನ್ನಾಗಿ ಮಾಡಿದ್ದ.

“ಆ ಪೋಸ್ಟು ಈಗ್ಲೂ ಉಂಟನಾ?” ಎಂದು ಕೇಳಿದರು.

ತೆರೆದು ತೋರಿಸಿದೆ. ಅಷ್ಟರಲ್ಲಿ ನಿಯಮಗಳಿಗೆ ಎಂಟನೆಯದು ಸೇರಿತ್ತು: ಯಾರದೇ ಪೋಸ್ಟನ್ನು ಯಾರೇ ತಿದ್ದಲಿ, ಮಾಡರೇಟರ್ ಆದರೂ, ಹೆಸರು ಮತ್ತು ಕಾರಣ ಬರೆಯಬೇಕು. ವಿನಾಯಕರ ಪೋಸ್ಟಿನ ಕೆಳಗೆ ಈಗ ನನ್ನ ಪೂರ್ತಿ ಹೆಸರಿತ್ತು. ಕಾರಣದ ಜಾಗದಲ್ಲಿ: ‘ನಿಯಮ 4. ಬರೆದವರನ್ನು ಕೇಳಿಲ್ಲ.’

ಅವರು ಎರಡು ಸಲ ಓದಿದರು. “ಕೇಳಿಲ್ಲ ಅಂತ್ಲೂ ಬರ್ದೀರಲ್ರೀ!” ಎಂದು ನಕ್ಕರು. ಲಲಿತಾ ನಗಲಿಲ್ಲ.

“ಅದು ಹಾಂಗೇ ಇರ್ಲಿ ಸರ,” ಎಂದರು. “ತೆಗೀಬೇಡಿ.”

ತೆಗೆದಿಲ್ಲ. ಹೆಸರು ಹಾಕಬೇಕೆಂಬ ನಿಯಮ ಬಂದ ಮೇಲೆ, ವಾರಕ್ಕೆ ಮೂವತ್ತರಷ್ಟಿದ್ದ ನನ್ನ ತಿದ್ದುಪಡಿಗಳು ನಾಲ್ಕಕ್ಕೆ ಇಳಿದವು. ಉಳಿದ ಇಪ್ಪತ್ತಾರು ಅದುವರೆಗೆ ಯಾರಿಗೆ ಬೇಕಾಗಿದ್ದವೋ ತಿಳಿಯದು. ಸೆಕೆಂಡ್ ಎಂಜಿನಿಯರರ ಕರೆಗಳು ಮತ್ತೆ ಶುರುವಾದವು. ಐವತ್ತರ ಹತ್ತಿರ ಬಂದರೂ ನಾನು ಧೈರ್ಯವಂತನಾಗಿಲ್ಲ; ಬೀಗವನ್ನು ಈಗಲೂ ಮೂರು ಸಲ ಜಗ್ಗುತ್ತೇನೆ. ಆದರೆ ಇನ್ನೊಬ್ಬರ ಬರಹಕ್ಕೆ ಕೈ ಹಾಕುವಾಗ ಮೊದಲು ನನ್ನ ಹೆಸರನ್ನು ಟೈಪ್ ಮಾಡುತ್ತೇನೆ, ಅದನ್ನು ಒಮ್ಮೆ ನೋಡುತ್ತೇನೆ. ಅದನ್ನು ಅಲ್ಲಿ ಬಿಟ್ಟುಹೋಗಲು ಮನಸ್ಸು ಒಪ್ಪದಿದ್ದರೆ, ಆ ಪೋಸ್ಟನ್ನು ಇದ್ದ ಹಾಗೆಯೇ ಬಿಟ್ಟು ಏಳುತ್ತೇನೆ.