ಚೆಕ್ಕುಬಂದಿಯಲ್ಲಿದ್ದ ನಮ್ಮ ಗಾಣ

ನೋಟೀಸು ಬಂದ ಬೆಳಿಗ್ಗೆ ನಮ್ಮ ಗಾಣದಲ್ಲಿ ಆ ವರ್ಷದ ಮೂರನೆಯ ಕೊಪ್ಪರಿಗೆ ಬೆಲ್ಲ ಕುದಿಯುತ್ತಿತ್ತು. ಸಬ್ ಕಲೆಕ್ಟರ ಕಚೇರಿಯ ಜವಾನ ಕಾಲುವೆಯ ಏರಿಯ ಮೇಲೆ ನಡೆದು ಬಂದು, ಒಲೆಯ ಬಿಸಿಗೆ ಹತ್ತು ಮಾರು ದೂರವೇ ನಿಂತು, ಕಾಗದವನ್ನು ಮೇಲೆತ್ತಿ ತೋರಿಸಿದ. ನನ್ನ ಗಂಡ ಎತ್ತು ಹೊಡೆಯುತ್ತಿದ್ದರು. ನಮ್ಮತ್ತೆ ಕುದಿಯುವ ಕಬ್ಬಿನ ಹಾಲಿನ ಮೇಲಿನ ಕೆನೆಗಟ್ಟಿದ ಮಡ್ಡಿ ತೆಗೆಯುತ್ತಿದ್ದರು. ಇಬ್ಬರಿಗೂ ಓದು ಬರುತ್ತಿರಲಿಲ್ಲ. ಕಾಗದ ನನ್ನ ಕೈಗೆ ಬಂತು.

ನಾನು ಆ ಮನೆಗೆ ಸೊಸೆಯಾಗಿ ಬಂದು ಎರಡು ವರ್ಷವಾಗಿತ್ತು. ನಮ್ಮ ಹೊಲ ಹೊಸಪೇಟೆಯಿಂದ ಕಮಲಾಪುರಕ್ಕೆ ಹೋಗುವ ದಾರಿಯಲ್ಲಿ, ಬಸವಣ್ಣ ಕಾಲುವೆಯ ಕೆಳಗೆ ಇತ್ತು. ಹೊಲದ ಮೂಲೆಯಲ್ಲಿ ಗಾಣ. ಅದು ನಮ್ಮದಾದರೂ ಸುತ್ತಿನ ಹದಿನಾಲ್ಕು ಮನೆಯವರು ಸರದಿಯ ಮೇಲೆ ಅಲ್ಲೇ ಕಬ್ಬು ಆಡಿಸುತ್ತಿದ್ದರು. ಕಬ್ಬು ಕಡಿದ ಮೇಲೆ ಕಾಯುವುದಿಲ್ಲ, ಒಣಗಿದರೆ ಹಾಲು ಹುಳಿಯಾಗುತ್ತದೆ. ಹಾಗಾಗಿ ಸುಗ್ಗಿಯ ಮೂರು ತಿಂಗಳು ಆ ಮೂಲೆಯಲ್ಲಿ ಎತ್ತಿನ ಗೊರಸು, ಗಾಣದ ಕಿರುಗುಟ್ಟು, ಹೆಂಗಸರ ಮಾತು ನಿಲ್ಲುತ್ತಿರಲಿಲ್ಲ.

"ಏನ್ ಬರದಾರಬೇ?" ಎಂದು ಅತ್ತೆ ಕೇಳಿದರು.

ನಾನು ಓದಿ ಹೇಳಿದೆ. ನಮ್ಮ ಗಾಣದ ಹೊಗೆಯಿಂದ, ಅದರ ಶಬ್ದದಿಂದ, ತಿಪ್ಪೆಯ ವಾಸನೆಯಿಂದ, ಹಕ್ಕಿ ಓಡಿಸಲು ನಾವು ಹಾಕುವ ಕೂಗಿನಿಂದ ನೆರೆಯವರ ಆರೋಗ್ಯಕ್ಕೂ ನೆಮ್ಮದಿಗೂ ಧಕ್ಕೆಯಾಗಿದೆಯಂತೆ. ಗಾಣವನ್ನೂ ತಿಪ್ಪೆಯನ್ನೂ ಅಲ್ಲಿಂದ ಏಕೆ ತೆಗೆಸಬಾರದು ಎಂಬುದಕ್ಕೆ ಕಾರಣ ಹೇಳಬೇಕಂತೆ. ಇನ್ನು ಹತ್ತು ದಿನಕ್ಕೆ ಸಬ್ ಕಲೆಕ್ಟರು ತಾವೇ ಸ್ಥಳ ನೋಡಲು ಬರುತ್ತಾರಂತೆ.

ಅತ್ತೆಯ ಕೈಯಲ್ಲಿದ್ದ ಜಾಲರಿ ಸೌಟು ಹಾಗೇ ನಿಂತಿತು. "ಕೂಗಬಾರದಂತ? ಗಿಣಿಗೆ ಕಾಗದ ಬರದು ಕಳಸಬೇಕೇನು?"

ನೆರೆಯವರೆಂದರೆ ಯಾರೆಂದು ಕೇಳಬೇಕಾಗಿರಲಿಲ್ಲ. ನಮ್ಮ ಪಡುವಣಕ್ಕೆ ಮಾವನ ತಮ್ಮ ಮಾರಿಹೋದ ತುಂಡುಹೊಲದಲ್ಲಿ, ಬೇರೆ ಜಿಲ್ಲೆಯಲ್ಲಿ ಕೆಲಸ ಮಾಡಿ ನಿವೃತ್ತರಾದ ಒಬ್ಬ ದೊಡ್ಡ ಅಧಿಕಾರಿ ಹೆಂಚಿನ ಬಂಗಲೆ ಕಟ್ಟಿಸಿದ್ದರು. ಕಾಲುವೆಯ ತಂಪು, ಸುತ್ತ ಬಾಳೆಯ ಹಸಿರು, ದೂರದಲ್ಲಿ ಸಂಡೂರಿನ ಕೆಂಪು ಗುಡ್ಡ ನೋಡಿ ಮೆಚ್ಚಿ ಬಂದವರು. ಅವರು ಬಂದದ್ದು ಬೇಸಿಗೆಯಲ್ಲಿ. ಆಗ ಗಾಣ ತಣ್ಣಗಿತ್ತು.

ಆ ಮಧ್ಯಾಹ್ನವೇ ಹದಿನಾಲ್ಕು ಮನೆಯವರೂ ಗಾಣದ ಹತ್ತಿರ ಬಂದು ಸೇರಿದರು. ಒಬ್ಬರು ಬಂಗಲೆಗೆ ಹೋಗಿ ಕೈ ಮುಗಿಯೋಣ ಎಂದರು. ಒಬ್ಬರು ಗಾಣವನ್ನೇ ಕಿತ್ತು ಬೇರೆ ಕಡೆ ಹಾಕೋಣ ಎಂದರು. ನಮ್ಮತ್ತೆ ಒಲೆಯ ಕಟ್ಟೆಯ ಮೇಲೆ ಕುಳಿತು ಎಲ್ಲರ ಮಾತನ್ನೂ ಕೇಳಿ ಕೊನೆಗೆ ಬಾಯಿ ತೆಗೆದರು.

"ಇವತ್ತು ಇಲ್ಲಿಂದ ಕೀಳೂಣು. ನಾಳಿ ಆ ಕಡಿಗೂ ಯಾರರ ಬಂದು ಮನಿ ಕಟ್ಟತಾರ. ಆಮ್ಯಾಲೆ ಎಲ್ಲಿಗೆ ಹೋಗೂಣು, ಹೊಳಿಯಾಗ ಹಾಕೂಣೇನು ಗಾಣಾನ? ಒಕ್ಕಲತನ ಮಾಡಬೇಕಂದ್ರ ಹೊಗಿನೂ ಬರತೈತಿ, ಸಗಣಿನೂ ನಾರತೈತಿ. ನಾವು ಇಲ್ಲೇ ಇದ್ವಿ. ಅವರು ಬಂದಾರ."

ಅವರು ಬಂದಾರ. ಆ ಮಾತು ಕೇಳಿದ ಕೂಡಲೇ ನನ್ನ ತಲೆಯಲ್ಲಿ ಏನೋ ಹೊತ್ತಿಕೊಂಡಿತು.

ನನ್ನ ತವರು ಕಂಪ್ಲಿ. ನಮ್ಮಪ್ಪ ಅಲ್ಲಿ ಆಸ್ತಿಪತ್ರ ಬರೆದುಕೊಡುವ ಕೆಲಸ ಮಾಡುತ್ತಿದ್ದರು. ಅವರ ಕಣ್ಣು ಮಂಜಾದ ಮೇಲೆ, ಬರೆದದ್ದು ಸರಿಯಿದೆಯೇ ಎಂದು ನಾನೇ ಗಟ್ಟಿಯಾಗಿ ಓದಿ ಹೇಳಬೇಕಾಗಿತ್ತು. ಪ್ರತಿ ಪತ್ರದಲ್ಲೂ ಚೆಕ್ಕುಬಂದಿ ಎಂದೊಂದು ಭಾಗ ಇರುತ್ತದೆ. ಮಾರಿದ ಜಾಗದ ನಾಲ್ಕೂ ದಿಕ್ಕಿಗೆ ಏನೇನಿದೆ ಎಂದು ಅಲ್ಲಿ ಬರೆಯುತ್ತಾರೆ. ಅಪ್ಪ ಅದನ್ನು ಮಾತ್ರ ಎರಡು ಸಲ ಓದಿಸುತ್ತಿದ್ದರು. ಬಂಗಲೆಯ ಜಾಗ ಮಾರಿದಾಗಲೂ ಯಾರೋ ಒಬ್ಬರು ಪತ್ರ ಬರೆದೇ ಇರುತ್ತಾರೆ. ಆ ಜಾಗದ ಮೂಡಲಿಗೆ ಏನಿದೆ ಎಂದು ಬರೆದಿರಬೇಕು? ನಮ್ಮ ಗಾಣ ಬಿಟ್ಟು ಬೇರೇನಿದೆ ಅಲ್ಲಿ?

"ಅತ್ತಿ, ಅವರ ಕರೀದಿ ಪತ್ರದಾಗ ನಮ್ಮ ಗಾಣ ಇರತೈತ್ರಿ!" ಎಂದು ನಾನು ಅಷ್ಟು ಜನ ಗಂಡಸರ ಮುಂದೆ ಕೂಗಿಬಿಟ್ಟೆ. ಸೊಸೆಯಾಗಿ ಬಂದ ಮೇಲೆ ಅಷ್ಟು ಗಟ್ಟಿಯಾಗಿ ನಾನು ಮಾತಾಡಿದ್ದು ಅದೇ ಮೊದಲು. ಯಾರಿಗೂ ಅರ್ಥವಾಗಲಿಲ್ಲ. ಬಿಡಿಸಿ ಹೇಳಿದೆ. ಅತ್ತೆ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ಒಮ್ಮೆ ನೋಡಿದರು.

"ಆ ಪತ್ರ ಎಲ್ಲೈತಿ?"

"ಅಸಲು ಅವರ ಹತ್ರ ಇರತೈತ್ರಿ. ನಕಲು ರಿಜಿಸ್ಟರ್ ಆಫೀಸಿನ್ಯಾಗ ಸಿಗತೈತಿ."

"ಹಂಗಾದ್ರ ನಾಳಿ ಬಂಡಿ ಕಟ್ಟು," ಎಂದು ಅತ್ತೆ ಮಗನಿಗೆ ಹೇಳಿದರು.

ಮರುದಿನ ಹೊಸಪೇಟೆಯ ಆ ಆಫೀಸಿನ ಮುಂದೆ ಬಂಡಿ ನಿಂತಿತು. ಒಳಗೆ ಬರೀ ಗಂಡಸರು. ಗುಮಾಸ್ತರು ಕನ್ನಡಕದ ಮೇಲಿಂದ ನನ್ನ ಗಂಡನನ್ನು ನೋಡಿ "ಏನಾಗಬೇಕು?" ಎಂದರು. ನನ್ನ ಗಂಡ ನನ್ನ ಕಡೆ ತಿರುಗಿದರು. ನಾನು ಅತ್ತೆಯ ಸೆರಗಿನ ಹಿಂದಿನಿಂದಲೇ ಮಾರಿದವರ ಹೆಸರು, ಕೊಂಡವರ ಹೆಸರು, ಹೊಲದ ನಂಬರು ಹೇಳಿದೆ. ಅರ್ಜಿಯನ್ನು ನಾನೇ ಬರೆದೆ. ಗುಮಾಸ್ತರು ಅದನ್ನು ಓದಿ, ಮತ್ತೊಮ್ಮೆ ಓದಿ, "ಯಾರ ಕೈಬರಹ ಇದು?" ಎಂದು ಕೇಳಿದರು.

"ನಮ್ಮ ಸೊಸಿದ್ರಿ," ಎಂದರು ಅತ್ತೆ. ಆ ಎರಡು ಮಾತಿನಲ್ಲಿದ್ದ ಠೀವಿ ನನಗೆ ಇವತ್ತಿಗೂ ಕೇಳಿಸುತ್ತದೆ.

ನಕಲು ಆಗಲು ಒಂದು ವಾರ ಬೇಕೆಂದರು. ಆ ವಾರ ನಾನು ಹೇಗೆ ಕಳೆದೆನೋ! ಕಬ್ಬು ಗಾಣಕ್ಕೆ ಕೊಡುವಾಗ ಕೈ ಎಲ್ಲೋ, ಮನಸ್ಸು ಎಲ್ಲೋ. ಒಂದು ವೇಳೆ ಬರೆದವನು "ಮೂಡಲಿಗೆ ಇಂಥವರ ಹೊಲ" ಎಂದಷ್ಟೇ ಬರೆದು ಕೈ ತೊಳೆದುಕೊಂಡಿದ್ದರೆ? ಹದಿನಾಲ್ಕು ಮನೆಯವರೂ ನನ್ನ ಮಾತು ನಂಬಿ ಕುಳಿತಿದ್ದರು. ನೀರು ತರಲು ಹೋದರೆ ಹೆಂಗಸರು "ಆ ಕಾಗದ ಬಂತೇನವ್ವ?" ಎಂದು ಕೇಳುತ್ತಿದ್ದರು.

ಸ್ಥಳ ನೋಡಲು ಬರುವ ಹಿಂದಿನ ದಿನ ನಕಲು ಕೈಗೆ ಬಂತು. ಆಫೀಸಿನ ಮೆಟ್ಟಿಲ ಮೇಲೆಯೇ ಬಿಚ್ಚಿದೆ. ಮೊದಲಿನದೆಲ್ಲ ಬಿಟ್ಟು ನೇರ ಚೆಕ್ಕುಬಂದಿಗೆ ಬಂದೆ. "ಪೂರ್ವಕ್ಕೆ ಬೆಲ್ಲದ ಗಾಣ, ಕೊಪ್ಪರಿಗೆ ಒಲೆ ಸಹಿತ ಗಾಣದ ಮನೆ ಹಾಗೂ ತಿಪ್ಪೆಗುಂಡಿ." ತಿಪ್ಪೆಗುಂಡಿ! ಬರೆದ ಪುಣ್ಯಾತ್ಮ ತಿಪ್ಪೆಗುಂಡಿಯನ್ನೂ ಬಿಟ್ಟಿರಲಿಲ್ಲ. ನಾನು ನಗುತ್ತಾ ಅಳುತ್ತಾ ಬಂಡಿಯ ಹತ್ತಿರ ಓಡಿದೆ. ದಾರಿಯುದ್ದಕ್ಕೂ ಅತ್ತೆ "ಇನ್ನೊಮ್ಮೆ ಓದು, ಇನ್ನೊಮ್ಮೆ ಓದು" ಎನ್ನುತ್ತಲೇ ಇದ್ದರು. ಮನೆ ಮುಟ್ಟುವಷ್ಟರಲ್ಲಿ ಅವರಿಗೂ ಅದು ಬಾಯಿಪಾಠವಾಗಿತ್ತು.

ಮರುದಿನ ಬೆಳಿಗ್ಗೆ ಸಬ್ ಕಲೆಕ್ಟರು ಮೋಟಾರಿನಲ್ಲಿ ಬಂದರು. ಮದರಾಸಿನ ಕಡೆಯ ಹುಡುಗುಪ್ರಾಯದ ಮನುಷ್ಯ. ಅವರ ಕನ್ನಡದಲ್ಲಿ ಅರ್ಧಕ್ಕರ್ಧ ತೆಲುಗು. ಬಂಗಲೆಯ ಯಜಮಾನರು ಕೋಟು, ರುಮಾಲು ತೊಟ್ಟು ಅವರ ಪಕ್ಕದಲ್ಲಿ ನಿಂತಿದ್ದರು. ಹದಿನಾಲ್ಕು ಮನೆಯವರು ಕಾಲುವೆಯ ಏರಿಯ ಮೇಲೆ ಸಾಲಾಗಿ ನಿಂತಿದ್ದರು. ಒಲೆ ಉರಿಯುತ್ತಿತ್ತು. ಬೇಕೆಂದೇ ಹಚ್ಚಿದ್ದಲ್ಲ. ಕಡಿದ ಕಬ್ಬು ಬಿದ್ದಿತ್ತು, ಹಚ್ಚಲೇಬೇಕಾಗಿತ್ತು.

"ಸ್ವಲ್ಪ ನಿಲ್ಸಿ, ಮಾತಾಡೋಣ," ಎಂದರು ಸಬ್ ಕಲೆಕ್ಟರು.

"ಗಾಣ ನಿಂದರಸ್ತೀವ್ರಿ ಸಾಹೇಬ್ರ. ಪಾಕ ನಿಂದರಂಗಿಲ್ರಿ," ಎಂದು ಅತ್ತೆ ಸೌಟಿನಲ್ಲಿ ಒಂದು ಹನಿ ಪಾಕ ತೆಗೆದು ತಣ್ಣೀರಿಗೆ ಬಿಟ್ಟರು. ಅದು ಇನ್ನೂ ಉಂಡೆ ಕಟ್ಟಲಿಲ್ಲ. "ಈಗ ಬಿಟ್ರ ಹದಿನೈದು ಗಳಿಗಿ ದುಡದಿದ್ದು ಮಣ್ಣಾಗತೈತಿ. ಒಂದೀಟು ಕುಂದ್ರಿ."

ಸಬ್ ಕಲೆಕ್ಟರು ಕುಳಿತರು! ಕಬ್ಬಿನ ಹೊರೆಯ ಮೇಲೆಯೇ ಕುಳಿತರು. ಪಾಕ ಹದಕ್ಕೆ ಬಂದು, ನಾಲ್ಕು ಗಂಡಸರು ಕೊಪ್ಪರಿಗೆಯನ್ನು ಇಳಿಸಿ ಬಂಗಾರದ ಬಣ್ಣದ ಬೆಲ್ಲವನ್ನು ತೊಟ್ಟಿಗೆ ಸುರಿಯುವವರೆಗೂ ಕಣ್ಣು ಕೀಳದೆ ನೋಡಿದರು. ಆಮೇಲೆ ನಮ್ಮ ಉತ್ತರವೇನೆಂದು ಕೇಳಿದರು.

ನಾನು ಮುಂದೆ ಬಂದು ನಕಲು ಓದಿದೆ. ಮೊದಲ ಸಾಲಿಗೆ ದನಿ ನಡುಗಿತು. ಗಾಣದ ಮನೆ ಎಂಬಲ್ಲಿಗೆ ಬರುವ ಹೊತ್ತಿಗೆ ಗಟ್ಟಿಯಾಯಿತು. ತಿಪ್ಪೆಗುಂಡಿ ಎಂಬಲ್ಲಿ ಏರಿಯ ಮೇಲಿದ್ದವರೆಲ್ಲ ಹೋ ಎಂದರು.

ಸಬ್ ಕಲೆಕ್ಟರು ಬಂಗಲೆಯವರತ್ತ ತಿರುಗಿ ಅಸಲು ತೋರಿಸುವಂತೆ ಕೇಳಿದರು. "ಅಸಲು ಪತ್ರ ಚೂಪಿಸ್ತೀರಾ?"

ಯಜಮಾನರ ಮುಖ ಕೆಂಪಾಗಿತ್ತು. ಅಸಲು ತಮ್ಮ ಹಳೆಯ ಊರಿನ ಮನೆಯ ಪೆಟ್ಟಿಗೆಯಲ್ಲಿದೆ, ನಕಲಿನಲ್ಲಿ ಬರಹಗಾರರು ಏನು ಸೇರಿಸಿದ್ದಾರೋ ತಮಗೆ ತಿಳಿಯದು ಎಂದರು. ಅಷ್ಟರಲ್ಲಿ ಬಂಗಲೆಯ ಹಿತ್ತಿಲ ಬಾಗಿಲು ತೆರೆಯಿತು. ಅವರ ಹೆಂಡತಿ ಹೊರಗೆ ಬಂದರು. ತೆಳ್ಳಗಿನ, ಬಿಳಿಚಿಕೊಂಡ ಹೆಂಗಸು. ಅಷ್ಟು ದೂರ ನಡೆಯಲು ಎರಡು ಕಡೆ ನಿಂತು ಉಸಿರು ಎಳೆದುಕೊಂಡರು. ಕೈಯಲ್ಲಿ ಒಂದು ಉದ್ದನೆಯ ಕವರು.

"ಪತ್ರ ಇಲ್ಲೇ ಇತ್ತು," ಎಂದು ಗಂಡನಿಗಲ್ಲ, ಸಬ್ ಕಲೆಕ್ಟರಿಗೆ ಕೊಟ್ಟರು. "ನನಗೆ ದಮ್ಮಿನ ಕಾಯಿಲೆ. ಹೊಗೆ ಬಂದರೆ ಮಲಗೋಕಾಗಲ್ಲ. ಇವರು ಅರ್ಜಿ ಹಾಕಿದ್ದು ನನಗೋಸ್ಕರ. ಆದರೆ ಜಾಗ ನೋಡೋಕೆ ಬಂದಾಗ ಆ ಒಲೇನ ನಾನೂ ನೋಡಿದ್ದೆ. ಇಲ್ಲ ಅಂತ ಹೇಗೆ ಹೇಳಲಿ?"

ಇಷ್ಟು ಹೇಳಿ ಕೆಮ್ಮಲು ಶುರುಮಾಡಿದರು. ಕೆಮ್ಮು ನಿಲ್ಲಲೇ ಇಲ್ಲ. ಯಜಮಾನರು ಎಲ್ಲರನ್ನೂ ಮರೆತು ಹೆಂಡತಿಯ ಬೆನ್ನು ನೀವುತ್ತಾ ನಿಂತರು. ನಾವು ಇಷ್ಟು ದಿನ ಆ ಅರ್ಜಿಯನ್ನು ಬಂಗಲೆಯವರ ಸೊಕ್ಕು ಎಂದುಕೊಂಡಿದ್ದೆವು. ನನಗೆ ಮುಖ ಎತ್ತಲು ಆಗಲಿಲ್ಲ. ಅತ್ತೆ ಮಾತ್ರ ಹೋಗಿ ಒಲೆಯ ಬಾಯಿಂದ ಉರಿಯುತ್ತಿದ್ದ ಕಬ್ಬಿನ ಸಿಪ್ಪೆಯನ್ನು ಎಳೆದು ಹಾಕಿ ನೀರು ಚೆಲ್ಲಿದರು.

ಸಬ್ ಕಲೆಕ್ಟರು ಎರಡು ಪತ್ರಗಳನ್ನೂ ಹಿಡಿದು ಸಾಲು ಸಾಲು ತಾಳೆ ನೋಡಿದರು. ಆಮೇಲೆ ಯಜಮಾನರಿಗೆ ಇಂಗ್ಲಿಷಿನಲ್ಲಿ ಏನೋ ಹೇಳಿ, ನಮ್ಮ ಕಡೆ ತಿರುಗಿದರು. "ಗಾಣ ಮೊದಲು, ಮನೆ ಆಮೇಲೆ. ಒಕ್ಕಲುತನ ಮಾಡೋ ಜಾಗದ ಪಕ್ಕ ಕೊಂಡವರು ಒಕ್ಕಲುತನ ನಿಲ್ಸಿ ಅನ್ನೋಕೆ ಆಗೋದಿಲ್ಲ. ಅರ್ಜಿ ಕೊಟ್ಟೇಸ್ತೀನಿ." ಕೊಟ್ಟೇಸುವುದು ಎಂದರೆ ಹೊಡೆದುಹಾಕುವುದು ಎಂದು ಜವಾನ ಪಕ್ಕದಿಂದ ತಿಳಿಸಿ ಹೇಳಿದ. ಅದು ಕಿವಿಗೆ ಬಿದ್ದದ್ದೇ ತಡ, ಏರಿಯ ಮೇಲಿನವರು ರುಮಾಲು ಹಾರಿಸಿದರು. ನನ್ನ ಗಂಡ ಎಲ್ಲರ ಮುಂದೆ ನನ್ನ ಹೆಸರು ಹಿಡಿದು ಕೂಗಿದರು. ನಾಚಿಕೆಯೋ ಸಂತೋಷವೋ, ನನ್ನ ಕಿವಿ ಬಿಸಿಯಾಗಿ ಸುಡುತ್ತಿತ್ತು.

"ಸಾಹೇಬ್ರ, ಇನ್ನೊಂದು ಮಾತೈತ್ರಿ," ಎಂದರು ಅತ್ತೆ. ಗದ್ದಲ ನಿಂತಿತು. "ಗಾಣ ಕೀಳಂಗಿಲ್ಲ. ಆದ್ರ ಆ ಅವ್ವಗ ಉಸುರು ಹತ್ತತೈತಿ. ಒಲಿಗೆ ಇಟ್ಟಂಗಿ ಹಚ್ಚಿ ಎತ್ತರಕ ಹೊಗಿಗೂಡು ಏರಸ್ತೀವಿ. ಹಸಿ ಸಿಪ್ಪಿ ಉರಿಗೆ ಹಾಕಂಗಿಲ್ಲ, ಒಣಗಿಸಿ ಹಾಕತೀವಿ. ಇದನ್ನ ಬರಕೋಬ್ಯಾಡ್ರಿ. ಬಾಯಿಮಾತು ಸಾಕು."

ಬಂಗಲೆಯ ಯಜಮಾನರು ತಲೆ ಬಗ್ಗಿಸಿ ಹೆಂಡತಿಯನ್ನು ಕರೆದುಕೊಂಡು ಒಳಗೆ ಹೋದರು. ಎರಡು ದಿನ ಬಿಟ್ಟು, ಮನೆ ಕಟ್ಟಿ ಉಳಿದಿದ್ದ ಇಟ್ಟಿಗೆಯನ್ನೆಲ್ಲ ಕೈಗಾಡಿಯಲ್ಲಿ ನಮ್ಮ ಗಾಣಕ್ಕೆ ಕಳಿಸಿದರು. ಕಮಲಾಪುರದ ಒಬ್ಬ ಗೌಂಡಿ ಬಂದು ಹೊಗೆಗೂಡು ಕಟ್ಟಿದ. ಮೊದಲ ಉರಿ ಹಾಕಿದ ದಿನ ಹೊಗೆ ಸೀದಾ ಮೇಲಕ್ಕೆ ಹೋಗಿ, ಬಂಗಲೆಯ ಹೆಂಚನ್ನು ದಾಟಿ, ಕಾಲುವೆಯ ಆಚೆ ಚದುರಿತು. ಆ ತಾಯಿ ಹಿತ್ತಿಲಲ್ಲಿ ನಿಂತು ಕತ್ತೆತ್ತಿ ನೋಡುತ್ತಿದ್ದರು. "ಬರತೈತೇನ್ರೀ?" ಎಂದು ಅತ್ತೆ ಇಲ್ಲಿಂದಲೇ ಕೂಗಿದರು. "ಇಲ್ಲಮ್ಮಾ, ಬರ್ತಿಲ್ಲ!" ಎಂದು ಅವರು ಅಲ್ಲಿಂದ ಕೂಗಿದರು.

ಆ ಸುಗ್ಗಿಯಲ್ಲಿ ಹದಿನಾಲ್ಕು ಮನೆಯ ಕಬ್ಬೂ ಅಲ್ಲೇ ಬೆಲ್ಲವಾಯಿತು. ಮುಂದಿನ ವರ್ಷ ಇನ್ನೂ ಮೂರು ಮನೆಯವರು ಸರದಿಗೆ ಸೇರಿದರು. ಗಿಣಿಗಳನ್ನು ಓಡಿಸಲು ನಮ್ಮತ್ತೆ ಮೊದಲಿಗಿಂತ ಜೋರಾಗಿಯೇ ಕೂಗುತ್ತಿದ್ದರು.