ಅತ್ತಿಗೆಯ ಜೇಡ

ಜೇಡದ ಕಣ್ಣನ್ನು ಸೆರೆಹಿಡಿಯಲೆಂದು ಛಾಯಾಗ್ರಾಹಕರ ಸಂಘದ ಕಾರ್ಯದರ್ಶಿ ತನ್ನ ಅತ್ತಿಗೆಯ ಹಿತ್ತಲಿನಲ್ಲಿ ಬೋರಲು ಮಲಗಿದ್ದೇ ತಡ, ಪ್ಯಾಂಟು ಹಿಂಬದಿಯಲ್ಲಿ ಪರ್ರೆಂದು ಬಿರಿಯಿತು. ಒಂದು ಕೈಯಲ್ಲಿ ಮೊಳದುದ್ದದ ಲೆನ್ಸು. ಮಾನ ಮುಚ್ಚಲು ಉಳಿದದ್ದು ಇನ್ನೊಂದೇ ಕೈ. ಬಾಗಿಲಲ್ಲಿ ನಿಂತಿದ್ದ ಅತ್ತಿಗೆ ವೃತ್ತಿಯಲ್ಲಿ ದರ್ಜಿ. "ಅದು ನನ್ನ ಹೊಲಿಗೆ ಅಲ್ಲ," ಎಂದಳು, ಅಷ್ಟೇ.

ಅವಳ ಕ್ಯಾಮೆರಾ ಅಂಗಿ ಜೇಬಿಗೆ ಹಿಡಿಸುವಂಥದ್ದು. ಮಗಳು ಹೊಸ ಫೋನು ಬಂದಮೇಲೆ ಮೂಲೆಗೆಸೆದದ್ದು. ಸೊಂಟಕ್ಕೆ ಟವೆಲು ಸುತ್ತಿಕೊಂಡು ಬಂದ ಮೈದುನ ಅದನ್ನು ಇಸಿದುಕೊಂಡ. ಅಭ್ಯಾಸಬಲದಿಂದ ಜೂಮ್ ಎಳೆದು, ಒಂದು ಮಬ್ಬು ಮಬ್ಬಾದ ಉಂಡೆಯ ಚಿತ್ರ ತೆಗೆದು, ಕ್ಯಾಮೆರಾ ಕೆಟ್ಟಿದೆ ಎಂದು ತೀರ್ಪು ಕೊಟ್ಟ.

ಅತ್ತಿಗೆ ವಾದಕ್ಕೆ ಹೋಗಲಿಲ್ಲ. ತೀರ ಹತ್ತಿರದ ಚಿತ್ರಗಳಿಗೆಂದೇ ಇರುವ ಹೂವಿನ ಗುರುತಿನ ಗುಂಡಿ ಒತ್ತಿ, ಜೂಮ್ ಮುಟ್ಟದೆ, ಕ್ಯಾಮೆರಾದ ಮೂತಿಯನ್ನು ಜೇಡದ ಮೂತಿಗೆ ಇನ್ನೇನು ತಾಗಬೇಕು ಅನ್ನುವಷ್ಟು ಹತ್ತಿರ ಒಯ್ದಳು. ಲೆನ್ಸಿನ ನೆರಳು ಬಿದ್ದ ಕಡೆಗೆ ಬಿಳಿ ಅಸ್ತರಿನ ತುಂಡೊಂದನ್ನು ಒಡ್ಡಿ ಬೆಳಕು ತಿರುಗಿಸಿದಳು. ಸೂಜಿಗೆ ದಾರ ಪೋಣಿಸುವವಳಂತೆ ಉಸಿರು ಬಿಗಿಹಿಡಿದು ಗುಂಡಿ ಒತ್ತಿದಳು. ಚಿತ್ರದಲ್ಲಿ ಜೇಡದ ಮೈಮೇಲಿನ ಕೂದಲೆಲ್ಲ ಎಣಿಸುವಂತಿದ್ದವು. ಕರಿಮಣಿಯಂಥ ಕಣ್ಣೊಳಗೆ ಅವಳ ತಲೆಯ ನೆರಳೂ ಇತ್ತು.

ಸಂಘದ ಪ್ರದರ್ಶನಕ್ಕೆ ಆ ಚಿತ್ರ ಒಮ್ಮತದಿಂದ ಆಯ್ಕೆಯಾಯಿತು. ತೊಡಕಾದದ್ದು ಅದರ ಕೆಳಗಿನ ಚೀಟಿ. ಯಾವ ಕ್ಯಾಮೆರಾ ಎಂದು ಬರೆಯುವುದು ಸಂಘದ ನಿಯಮ. ಅತ್ತಿಗೆ "ಜೇಬಿನ ಕ್ಯಾಮೆರಾ" ಎಂದು ದಪ್ಪಕ್ಷರದಲ್ಲಿ ಬರೆದು ಕೊಟ್ಟಿದ್ದಳು. ಕತ್ತು ನೋಯುವಷ್ಟು ಭಾರ ಹೊತ್ತು ತಿರುಗುವ ಸದಸ್ಯರ ಮರ್ಯಾದೆ ಏನಾಗಬೇಕು ಎಂದು ಅಧ್ಯಕ್ಷರು ಕೇಳಿದರು. ಆ ಸಾಲು ಖಾಲಿ ಬಿಡಬೇಕು, ಇಲ್ಲವೇ ಚಿತ್ರ ಮಕ್ಕಳ ವಿಭಾಗಕ್ಕೆ ಹೋಗಬೇಕು. ಹೇಳಿ ಒಪ್ಪಿಸುವ ಭಾರ, ವಾಡಿಕೆಯಂತೆ, ಕಾರ್ಯದರ್ಶಿಯ ತಲೆಗೆ ಬಿತ್ತು.

"ಒಂದು ಸಾಲು ತಾನೆ ಅತ್ತಿಗೆ, ಖಾಲಿ ಬಿಟ್ರೆ ಏನಾಗತ್ತೆ?"

ಅವಳು ಹೊಲಿಗೆಯಂತ್ರ ನಿಲ್ಲಿಸಲಿಲ್ಲ. "ನೋಡಿದವ್ರು ನಿನ್ನಂಥವ್ರ ಕ್ಯಾಮೆರಾದಲ್ಲಿ ತೆಗ್ದಿದ್ದು ಅಂದ್ಕೋತಾರೆ ಕಣೋ. ನಂಗದು ಅವಮಾನ."

ಪ್ರದರ್ಶನದ ದಿನ ಗೋಡೆಯಲ್ಲಿ ಅವಳ ಚಿತ್ರ ಇರಬೇಕಾದ ಕಡೆ ಮೊಳೆ ಮಾತ್ರ ಇತ್ತು. ಅತ್ತಿಗೆ ಸಭಾಂಗಣದ ಮೂಲೆಯಿಂದ ತನ್ನ ಚಿತ್ರವನ್ನು ಹುಡುಕಿ ತಂದು, ಅದೇ ಮೊಳೆಯ ಕೆಳಗೆ, ಚೌಕಟ್ಟನ್ನು ಎದೆಗವಚಿ ನಿಂತಳು. ಚೀಟಿಯನ್ನು ಸೆರಗಿಗೆ ಪಿನ್ನಿನಿಂದ ಸಿಕ್ಕಿಸಿಕೊಂಡಿದ್ದಳು. ಜನ ಹದ್ದು, ಹುಲಿ, ಸೂರ್ಯಾಸ್ತಗಳನ್ನೆಲ್ಲ ಬಿಟ್ಟು ಅಲ್ಲೇ ಮುತ್ತಿಕೊಂಡರು. ಮೈದುನ ಅಧ್ಯಕ್ಷರ ಕಣ್ಣು ತಪ್ಪಿಸಿ ಒಂದು ಕುರ್ಚಿ ತಂದಿಟ್ಟ. ಅವಳು ಕೂರಲಿಲ್ಲ.

ಕೊನೆಗೆ ಅಧ್ಯಕ್ಷರೇ ಬೆವರೊರೆಸಿಕೊಳ್ಳುತ್ತ ಬಂದರು. "ಎಷ್ಟೊತ್ತು ಅಂತ ಹೀಗೇ ನಿಂತಿರ್ತೀರಮ್ಮಾ?"

"ಕೈ ಸೋಲೋವರ್ಗೂ," ಎಂದಳು ಅತ್ತಿಗೆ. "ಆಮೇಲೆ ನಿಮ್ಮ ಕಾರ್ಯದರ್ಶಿ ಹಿಡ್ಕೋತಾನೆ."