ಏಳದ ಲ್ಯಾಪ್‌ಟಾಪು, ಎದ್ದು ನಿಂತ ಪಂಡಿತರು

ಮುಚ್ಚಿದ ಬಾಗಿಲನ್ನು ಎಲ್ಲರೂ ಹೆಚ್ಚುಕಡಿಮೆ ಒಂದೇ ರೀತಿ ತಟ್ಟುತ್ತಾರೆ. ಆದರೆ ಏಳಲೊಲ್ಲದ ಲ್ಯಾಪ್‌ಟಾಪಿನ ಗುಂಡಿ ಒತ್ತುವಾಗ ಮಾತ್ರ ಒಬ್ಬೊಬ್ಬರ ಜಾತಕವೂ ಬಯಲಾಗುತ್ತದೆ. ಸಾಧು ಸ್ವಭಾವದವರು ಮೆತ್ತಗೆ ಒತ್ತಿ, ಏನೋ ಅಪಚಾರವಾಯಿತೆಂಬಂತೆ ಬೆರಳನ್ನು ಹಿಂದಕ್ಕೆಳೆದುಕೊಳ್ಳುತ್ತಾರೆ. ಸಂಶಯಪಿಶಾಚಿಗಳು ಒತ್ತಿದ ಮೇಲೆ ಬಗ್ಗಿ ಕಿವಿಗೊಡುತ್ತಾರೆ. ನಮ್ಮ ಕಾಲೇಜಿನ ಪ್ರಾಂಶುಪಾಲರು ತಾವಾಗಿ ಒತ್ತುವುದೇ ಇಲ್ಲ, ಒತ್ತಿಸುತ್ತಾರೆ. ಇನ್ನು ನಾನು ಹೇಗೆ ಒತ್ತುತ್ತೇನೆಂಬುದನ್ನು ನನ್ನ ಬಾಯಿಂದ ಕೇಳುವುದಕ್ಕಿಂತ ಹೊಳೆನರಸೀಪುರದ ನಮ್ಮ ಬೀದಿಯಲ್ಲಿ ವಿಚಾರಿಸುವುದು ಮೇಲು. ಬೆಳಿಗ್ಗೆ ಬೆಳಿಗ್ಗೆ ನಮ್ಮ ಊಟದ ಮೇಜಿನಿಂದ ಹೊರಡುತ್ತಿದ್ದ ಸಹಸ್ರನಾಮವನ್ನು ಕೇಳಿ, ಪಕ್ಕದ ಮನೆಯವರು ನಾನು ಗಂಡನೊಡನೆ ಮಾತನಾಡುತ್ತಿದ್ದೇನೆಂದೇ ಬಹಳ ದಿನ ತಿಳಿದಿದ್ದರಂತೆ.

ಯಂತ್ರಕ್ಕೆ ವಯಸ್ಸಾಗಿತ್ತು, ಒಪ್ಪುತ್ತೇನೆ. ಕನ್ನಡ ಉಪನ್ಯಾಸಕಿಯೊಬ್ಬಳ ಕೈಗೆ ಸಿಕ್ಕು, ವರ್ಷಗಟ್ಟಲೆ ಪ್ರಶ್ನಪತ್ರಿಕೆಗಳನ್ನೂ ಪುಸ್ತಕ ಬಿಡುಗಡೆಯ ಭಾಷಣಗಳನ್ನೂ ಹೊತ್ತ ಯಾವ ಜೀವಕ್ಕಾದರೂ ವೈರಾಗ್ಯ ಬರುವುದು ಸಹಜ. ಆದರೆ ಅದಕ್ಕೆ ಬಂದದ್ದು ವೈರಾಗ್ಯವಲ್ಲ, ಬಿನ್ನಾಣ. ಗುಂಡಿ ಒತ್ತಿದರೆ ದೀಪ ಹೊತ್ತುತ್ತದೆ, ಒಳಗಿನ ಫ್ಯಾನು ನಿಟ್ಟುಸಿರಿಡುತ್ತದೆ, ಪರದೆಯ ಮೇಲೆ ಕಂಪನಿಯ ಮುದ್ರೆ ಮೂಡುತ್ತದೆ. ಇನ್ನೇನು ಎದ್ದಿತು ಎಂದು ನಾವು ಕನ್ನಡಕ ಏರಿಸುವಷ್ಟರಲ್ಲಿ ಎಲ್ಲವೂ ನಂದಿ ಹೋಗುತ್ತದೆ. ಒಂದೊಂದು ದಿನ ಏನೂ ಆಗಿಯೇ ಇಲ್ಲವೆಂಬಂತೆ ಎದ್ದು ಸಂಜೆಯವರೆಗೂ ದುಡಿಯುತ್ತದೆ. ಪೂರ್ತಿ ಸತ್ತಿದ್ದರೆ ತಿಥಿ ಮಾಡಿ ಕೈತೊಳೆದುಕೊಳ್ಳಬಹುದಿತ್ತು. ಕೆಟ್ಟವರಿಗಿಂತ ಆಗಾಗ ಒಳ್ಳೆಯವರಾಗುವವರೇ ಬಾಳಿನಲ್ಲಿ ಹೆಚ್ಚು ಕಾಟ ಕೊಡುವುದು, ನೀವೂ ಕಂಡಿರುತ್ತೀರಿ.

ಹೊಸದು ತರಬಾರದಿತ್ತೇ ಎಂದು ನೀವು ಕೇಳುವಿರಿ, ಎಲ್ಲರೂ ಕೇಳಿದರು. ತರಬಹುದಿತ್ತು, ಆದರೆ ಹೊಸದರಲ್ಲಿ ನಿಂಗತ್ತೆಯ ದನಿ ಇರುವುದಿಲ್ಲವಲ್ಲ. ನಿಂಗತ್ತೆ ಎಂದರೆ ನನ್ನ ಅಪ್ಪನ ಅಕ್ಕ, ಅರಕಲಗೂಡಿನ ಬಳಿಯ ಹಳ್ಳಿಯವಳು. ಆ ಸುತ್ತಿನಲ್ಲಿ ಸೋಬಾನೆ ಪದ ಹೇಳುವುದರಲ್ಲಿ ಅವಳಿಗೆ ಸಮನಾದವರಿರಲಿಲ್ಲ. ಅವಳು ಹಸೆಗೆ ಕರೆಯದೆ ನಮ್ಮ ಕಡೆಯ ಒಂದು ಹೆಣ್ಣೂ ಹಸೆಮಣೆ ಏರಿದ್ದು ನನಗೆ ನೆನಪಿಲ್ಲ. ಗಂಟಲಿನಲ್ಲಿ ಗಡ್ಡೆಯೆಂದು ವೈದ್ಯರು ಹೇಳಿದಾಗ ಅವಳು ಅಳಲಿಲ್ಲ, ನನಗೆ ಹೇಳಿಕಳಿಸಿದಳು. “ಗಂಟ್ಲು ಕುಯ್ತಾರಂತೆ ಕಣವ್ವ. ಆಮ್ಯಾಕೆ ದನಿ ಬತ್ತದೋ ಇಲ್ವೋ. ನಮ್ ಕಾವ್ಯನ್ ಮದ್ವೆಗೆ ಪದ ಬೇಕಲ್ಲ, ಈಗ್ಲೇ ಇಡ್ಕಬುಡು” ಎಂದಳು. ಕಾವ್ಯ ಅವಳ ಮೊಮ್ಮಗಳು, ಆಗಿನ್ನೂ ಗಂಡೇ ಗೊತ್ತಾಗಿರಲಿಲ್ಲ. ನಾನು ಈ ಲ್ಯಾಪ್‌ಟಾಪನ್ನು ಅವಳ ಮುಂದಿಟ್ಟು, ಧ್ವನಿಮುದ್ರಣ ಶುರುಮಾಡಿ, ಪಕ್ಕದ ಕೋಣೆಯಲ್ಲಿ ಬಡಿದುಕೊಳ್ಳುತ್ತಿದ್ದ ಟಿವಿಯನ್ನು ಆರಿಸಿ ಬರುವಷ್ಟರಲ್ಲಿ ಪರದೆಯ ಹಣೆಗೊಂದು ಕುಂಕುಮದ ಬೊಟ್ಟು ಬಿದ್ದಿತ್ತು. ಮದುವೆ ಕೆಲಸಕ್ಕೆ ಮುಂಚೆ ಒರಳು ಒನಕೆಗೆ ಪೂಜೆ ಮಾಡುವ ಮನೆ ಅದು; ಮದುವೆಯ ಪದ ಹೊರುವ ಯಂತ್ರವನ್ನು ಬೋಳುಹಣೆಯಲ್ಲಿ ಬಿಡುವುದುಂಟೇ? ಆಮೇಲೆ ಅವಳು ಹಾಡಿದಳು. ಹಾಡಿದ ಕೆಲವೇ ದಿನಗಳಲ್ಲಿ ಗಂಟಲು ಕೊಯ್ದರು. ಜೀವ ಉಳಿಯಿತು, ದನಿ ಉಳಿಯಲಿಲ್ಲ.

ನಕಲು ತೆಗೆದಿಡಬೇಕಿತ್ತು, ನಿಜ. ನಾಳೆ ತೆಗೆದರಾಯಿತು ಎಂದುಕೊಂಡೆ, ಅಷ್ಟೇ. ಅಷ್ಟರಲ್ಲಿ ಕಾವ್ಯಳಿಗೆ ಗಂಡು ಕುದುರಿತು, ಚನ್ನರಾಯಪಟ್ಟಣದ ಕಲ್ಯಾಣಮಂಟಪದಲ್ಲಿ ಮದುವೆಯೆಂದಾಯಿತು, ಹುಡುಗಿ ಫೋನು ಮಾಡಿ “ಅತ್ತೆ, ಅಜ್ಜಿ ಪದ ಇಲ್ದಿದ್ರೆ ನಾನು ಹಸೆಗೆ ಬರಲ್ಲ ಕಣತ್ತೆ” ಎಂದಳು. ಸರಿಯಾಗಿ ಆ ವಾರದಿಂದಲೇ ಯಂತ್ರ ಮಲಗತೊಡಗಿತು.

ಮಲಗಿತು ಎಂಬ ಸುದ್ದಿ ಹಬ್ಬಿದ್ದೇ ತಡ, ಜಿಲ್ಲೆಯ ಪಂಡಿತಲೋಕ ಎದ್ದು ನಿಂತಿತು. ನೋಡಿ, ನಮ್ಮಲ್ಲಿ ಕಾಯಿಲೆಯ ಹೆಸರು ಹೇಳಿದರೆ ಸಾಕು, ಬಸ್ಸಿನ ಕಂಡಕ್ಟರೂ ಔಷಧಿ ಹೇಳುತ್ತಾನೆ. ಆದರೆ ಮನುಷ್ಯನ ಕಾಯಿಲೆಯಲ್ಲಿ ಸತ್ತರೆ ಕೆಟ್ಟ ಹೆಸರು ಬರುವ ಭಯವಾದರೂ ಇದೆ, ಲ್ಯಾಪ್‌ಟಾಪಿನ ವಿಷಯದಲ್ಲಿ ಅದೂ ಇಲ್ಲ. ಕಟ್ಟಾಯ ಕಡೆಯಿಂದ ಬರುವ ನಮ್ಮ ಭೌತಶಾಸ್ತ್ರದ ಸಹೋದ್ಯೋಗಿ, ಬ್ಯಾಟರಿ ಕಳಚಿ ಗುಂಡಿಯನ್ನು ಒತ್ತಿ ಹಿಡಿದರೆ ಒಳಗಿನ ಜಡವಿದ್ಯುತ್ತೆಲ್ಲ ಇಳಿದುಹೋಗುವುದೆಂದು ಹೇಳಿ, ತಾವೇ ಒತ್ತಿ ಹಿಡಿದು ಕೂತರು. ಒಂದು ಇಡೀ ಪಿರಿಯಡ್ಡು ಹಿಡಿದರು. ಇಳಿದದ್ದು ಅವರಿಗೆ ಪಾಠ ಮಾಡಲಿದ್ದ ಅಲ್ಪಸ್ವಲ್ಪ ಉತ್ಸಾಹ ಮಾತ್ರ. ನಮ್ಮ ಭಾವ ಸಾಲಗಾಮೆಯಿಂದ ಬಂದವರು ಲ್ಯಾಪ್‌ಟಾಪಿನ ಮುಖವನ್ನೂ ನೋಡದೆ “ವೈರಸ್ಸು” ಎಂದರು. ಅವರು ಟ್ರಾಕ್ಟರು ಕೆಟ್ಟಾಗಲೂ ಹಾಗೆಯೇ ಅಂದಿದ್ದರೆಂಬುದು ನಮ್ಮ ಕುಟುಂಬದ ಇತಿಹಾಸದಲ್ಲಿ ದಾಖಲಾಗಿದೆ.

ಇವರೆಲ್ಲರಿಗೂ ಕಳಶಪ್ರಾಯರಾಗಿದ್ದವರು ನಮ್ಮ ಯಜಮಾನರು. ಅವರು ಪಶುವೈದ್ಯರು, ದನದ ಹೊಟ್ಟೆಯಿಂದ ಮೊಳೆ, ತಂತಿ, ಪ್ಲಾಸ್ಟಿಕ್ ಚೀಲಗಳನ್ನು ತೆಗೆದೂ ತೆಗೆದೂ ಅವರಿಗೆ ಸಕಲ ಚರಾಚರಗಳ ಬಗೆಗೂ ಒಂದೇ ಸಿದ್ಧಾಂತ ಗಟ್ಟಿಯಾಗಿಬಿಟ್ಟಿದೆ. “ಏನೋ ತಿಂದೈತೆ ಕಣೆ ಅದು” ಎಂದರು, ಪೇಪರಿನಿಂದ ತಲೆಯೆತ್ತದೆ. ಮಿಕ್ಸಿ ನಿಂತಾಗಲೂ ಹಾಗೆಯೇ ಅಂದಿದ್ದರು. ನಾನು ಮುನಿಸಿಕೊಂಡು ಮಲಗಿದಾಗಲೂ ಬಾಗಿಲಲ್ಲಿ ನಿಂತು ಅದನ್ನೇ ಅಂದವರು. ಇಂಥ ಶಾಸ್ತ್ರಜ್ಞಾನಕ್ಕೆ ಉತ್ತರ ಕೊಡುವುದು ನನ್ನ ಘನತೆಗೆ ತಕ್ಕುದಲ್ಲವೆಂದು ನಾನು ಲ್ಯಾಪ್‌ಟಾಪನ್ನು ಹೆಗಲಚೀಲದಲ್ಲಿ ನೆಟ್ಟಗೆ ನಿಲ್ಲಿಸಿಕೊಂಡು ಹಾಸನದ ಬಸ್ಸು ಹತ್ತಿದೆ.

ಹಾಸನದ ರಿಪೇರಿ ಅಂಗಡಿಯ ತರುಣ ಪಂಡಿತ ನನ್ನ ಕಥೆಯನ್ನು ಪೂರ್ತಿ ಕೇಳುವ ಸೌಜನ್ಯವನ್ನೂ ತೋರದೆ ಗುಂಡಿ ಒತ್ತಿದ. ಎದ್ದಿತು! ಬಸ್ಸಿನ ಕುಲುಕಾಟಕ್ಕೆ ನನ್ನ ಸೊಂಟ ಬಿದ್ದುಹೋಗಿತ್ತು, ಇದು ಮಾತ್ರ ನೆಂಟರ ಮನೆಗೆ ಹೋದ ಮಗುವಿನಂತೆ ಸುಶೀಲವಾಗಿ ಮಿನುಗುತ್ತ ಕೂತಿತು. ಅವನು ಪರದೆಯ ಮೇಲಿನ ಕುಂಕುಮವನ್ನೊಮ್ಮೆ ನೋಡಿ, ನನ್ನನ್ನೊಮ್ಮೆ ನೋಡಿ, “ಏನೂ ಆಗಿಲ್ಲ ಮೇಡಂ, ಚೆನ್ನಾಗೈತೆ. ನಿಮಗೆ ಆನ್ ಮಾಡಕ್ ಬರಲ್ವೇನೋ. ಬೇಕಾದ್ರೆ ಬಿಟ್ಟೋಗಿ, ಎಲ್ಲಾ ಅಳಿಸಿ ಹೊಸದಾಗಿ ಹಾಕ್ಕೊಡ್ತೀವಿ” ಎಂದ. ಎಲ್ಲಾ ಅಳಿಸಿ! ನಿಂಗತ್ತೆಯನ್ನು ಅಳಿಸಲು ಹೊರಟವನ ಕೈಯಿಂದ ಯಂತ್ರವನ್ನು ಕಿತ್ತುಕೊಂಡು, ಟಪ್ಪೆಂದು ಮುಚ್ಚಿ, ಅವನ ವಂಶದ ವಿದ್ಯಾಭ್ಯಾಸದ ಬಗ್ಗೆ ನಾಲ್ಕು ಮಾತು ಹೇಳಿ ಹೊರಬಿದ್ದೆ. ಚೀಲದಲ್ಲಿ ಪೆನ್‌ಡ್ರೈವ್ ಇತ್ತೆಂಬುದೂ, ಯಂತ್ರ ಎದ್ದಿದ್ದ ಆ ಗಳಿಗೆಯಲ್ಲಿ ಅತ್ತೆಯ ದನಿಯನ್ನು ಅದಕ್ಕೆ ಇಳಿಸಿಕೊಳ್ಳಬಹುದಿತ್ತೆಂಬುದೂ ನನಗೆ ಹೊಳೆದದ್ದು ಬಸ್ಸು ಹಾಸನ ದಾಟಿದ ಮೇಲೆ. ಮನೆಗೆ ಬಂದು ಮೇಜಿನ ಮೇಲಿಟ್ಟು ಒತ್ತಿದರೆ, ಕಂಪನಿಯ ಮುದ್ರೆ, ಮತ್ತೆ ಕತ್ತಲೆ.

ಆ ಭಾನುವಾರ ಅರಕಲಗೂಡಿಗೆ ಹೋಗಿ ನಿಂಗತ್ತೆಯ ಮುಂದೆ ಎಲ್ಲವನ್ನೂ ಹೇಳಿಕೊಂಡೆ. ದನಿ ಹೋದ ಮೇಲೆ ಅವಳ ಕಣ್ಣುಗಳು ಇನ್ನೂ ಚುರುಕಾಗಿವೆ. ಲ್ಯಾಪ್‌ಟಾಪನ್ನು ದಿಟ್ಟಿಸಿದಳು, ಮುಖ ಸಣ್ಣಗಾಯಿತು. ನನ್ನ ಕೈ ಹಿಡಿದು ಜಗ್ಗಿ, ಬೆರಳ ತುದಿಗಳನ್ನು ಕೂಡಿಸಿ, ಯಂತ್ರದ ಮೇಲೆ ಏನನ್ನೋ ಉದುರಿಸುವಂತೆ ಮಾಡಿ ತೋರಿಸಿದಳು. ಮತ್ತೆ ತೋರಿಸಿದಳು. ಉಪ್ಪು ಸಾಸಿವೆ ನಿವಾಳಿಸಿ ದೃಷ್ಟಿ ತೆಗೆ ಎನ್ನುತ್ತಿದ್ದಾಳೆಂದು ನನಗೆ ಖಾತ್ರಿಯಾಯಿತು. ಪಂಡಿತರಿಂದ ಬಸವಳಿದಿದ್ದ ನನ್ನ ನಾಲಗೆಗೆ ತಡೆಯಿರಲಿಲ್ಲ. “ದೃಷ್ಟಿ ತೆಗೆಯಕ್ಕೆ ಇದೇನ್ ಮದುವೆ ಹೆಣ್ಣಾ ಅತ್ತೆ? ನಿನ್ನದೂ ಒಂದು ವೈದ್ಯ ಆಗ್ಲಿ ಅಂತಾನಾ?” ಎಂದೆ. ಎತ್ತಿದ್ದ ಅವಳ ಕೈ ಮೆಲ್ಲಗೆ ಮಡಿಲಿಗೆ ಇಳಿಯಿತು.

ಚಪ್ಪರದ ದಿನ ಚನ್ನರಾಯಪಟ್ಟಣಕ್ಕೆ ಕಾರಿನಲ್ಲಿ ಹೋದೆವು. ಹಸುಗೂಸನ್ನು ಒಯ್ಯುವಂತೆ ಲ್ಯಾಪ್‌ಟಾಪನ್ನು ತೊಡೆಯ ಮೇಲೆ ಅಂಗಾತ ಮಲಗಿಸಿಕೊಂಡು, ಯಜಮಾನರಿಗೆ ರಸ್ತೆಯ ಪ್ರತಿ ಗುಂಡಿಯಲ್ಲೂ ಎಚ್ಚರಿಕೆ ಹೇಳುತ್ತ ಹೋದೆ. ಮಂಟಪದ ಕೋಣೆಯಲ್ಲಿ ಹೆಂಗಸರೆಲ್ಲ ಸುತ್ತ ಕೂತರು. ಅರಿಶಿನ ಹಚ್ಚಿದ ಕೆನ್ನೆಯ ಕಾವ್ಯ ಎದುರಿಗೇ ಕೂತಳು. ಗೋಡೆಗೊರಗಿ ನಿಂಗತ್ತೆ. ಒತ್ತಿದೆ. ಮುದ್ರೆ, ಕತ್ತಲೆ. ಒತ್ತಿದೆ. ಮುದ್ರೆ, ಕತ್ತಲೆ. “ಓಗ್ಲಿ ಬುಡತ್ತೆ, ಸಿನ್ಮಾ ಪದನೇ ಆಕಣ ಮೈಕ್‌ನಾಗೆ” ಎಂದು ಯಾವಳೋ ಅಂದಳು. ಕಾವ್ಯ ತಲೆ ತಗ್ಗಿಸಿದಳು. ಅದನ್ನು ಕಂಡು ನನಗೆ ಬಂದ ಸಿಟ್ಟನ್ನು ಏನು ಹೇಳಲಿ! ಯಂತ್ರವನ್ನು ಎತ್ತಿ, ಬೋರಲು ಹಾಕಿ, ಮೊರಕ್ಕಂಟಿದ ಹೊಟ್ಟು ಉದುರಿಸುವಂತೆ ಅದರ ಬೆನ್ನಿಗೆ ಎರಡೂ ಅಂಗೈಯಿಂದ ಬಡಿದೆ. ಕನ್ನಡ ಸಾಹಿತ್ಯದಲ್ಲಿ ಸ್ನಾತಕೋತ್ತರ ಪದವಿ ಪಡೆದವಳು ಬಳಸಬಾರದ ಕೆಲವು ಪದಗಳೂ ಹೊರಬಿದ್ದವು.

ಜೊತೆಗೆ ಒಂದು ಅಕ್ಕಿಕಾಳೂ ಹೊರಬಿತ್ತು. ಅರಿಶಿನದ ಅಕ್ಕಿ, ಅಕ್ಷತೆ. ಗುಂಡಿಯ ಸಂದಿಯಿಂದ ಜಾರಿ ನನ್ನ ಸೀರೆಯ ಮೇಲೆ ಬಿತ್ತು. ಇಷ್ಟು ದಿನ ಒಳಗೆಲ್ಲೋ ಉರುಳಾಡಿಕೊಂಡಿದ್ದು, ಕೊನೆಗೆ ಗುಂಡಿಯ ಅಂಚಿಗೆ ಅಡ್ಡ ಸಿಕ್ಕಿಕೊಂಡು, ಒತ್ತಿದ ಗುಂಡಿ ಮೇಲೇಳದಂತೆ ಅದುಮಿ ಹಿಡಿಯುತ್ತಿದ್ದದ್ದು ಇದೇ. ಒತ್ತಿಯೇ ಇದ್ದರೆ ಯಂತ್ರ ಎದ್ದು ಮತ್ತೆ ಆರದೆ ಇನ್ನೇನು ಮಾಡೀತು? ಹಾಸನದ ಬಸ್ಸಿನಲ್ಲಿ ನೆಟ್ಟಗೆ ನಿಂತು ಕುಲುಕಿದಾಗ ಕಾಳು ಪಕ್ಕಕ್ಕೆ ಸರಿದಿತ್ತು, ಅಂಗಡಿಯಲ್ಲಿ ನಾನು ಟಪ್ಪೆಂದು ಮುಚ್ಚಿದಾಗ ಮತ್ತೆ ಅಲ್ಲಿಗೇ ಬಂದು ಕೂತಿತ್ತು, ಅಷ್ಟೇ. ಬಾಗಿಲಲ್ಲಿ ನಿಂತಿದ್ದ ಯಜಮಾನರು ಕಾಳನ್ನು ನೋಡಿದರು, ನನ್ನನ್ನು ನೋಡಿದರು. “ನಾನೇಳ್ಲಿಲ್ವಾ” ಎಂದರು. ಆ ಮುಖದ ತೇಜಸ್ಸನ್ನು ನಾನು ಈ ಜನ್ಮದಲ್ಲಿ ಕ್ಷಮಿಸಲಾರೆ.

ಗುಂಡಿ ಒತ್ತಿದೆ. ಎದ್ದಿತು. ಮೊದಲು ಪೆನ್‌ಡ್ರೈವಿಗೆ ಇಳಿಸಿಕೊಂಡೆ, ಆಮೇಲೆ ಮೊದಲಿನಿಂದ ಹಾಕಿದೆ. ಈ ಮುಂಚೆ ನಾನು ಪದ ಶುರುವಾಗುವಲ್ಲಿಂದಲೇ ಒಮ್ಮೆ ಕೇಳಿದ್ದೆ; ಅದಕ್ಕೂ ಹಿಂದಿನದ್ದನ್ನು ಕೇಳಿರಲಿಲ್ಲ. ನಾನು ಟಿವಿ ಆರಿಸಲು ಎದ್ದು ಹೋದ ಹೆಜ್ಜೆಯ ಸದ್ದು ಬಂತು. ಆಮೇಲೆ ನಿಂಗತ್ತೆಯ ದನಿ, ಹಾಡಲ್ಲ, ಪಿಸುಮಾತು.

“ನೋಡಪ್ಪಾ, ನನ್ ಗಂಟ್ಲು ನಂಬಂಗಿಲ್ಲ. ನಾನಿರ್ತೀನೋ ಇಲ್ವೋ. ನಮ್ ಕಾವ್ಯ ಹಸೆಗೆ ಕೂರೋಗಂಟ ನೀನಿರು. ನೂರ್ಕಾಲ ಬಾಳಪ್ಪಾ.” ಚರಚರ ಎಂದು ಕಾಳು ಉದುರಿದ ಸದ್ದು. ಅದರ ಹಿಂದೆಯೇ ಗಾಬರಿ: “ಅಯ್ಯೋ, ಒಳೀಕೆ ಬಿದ್ದೋದ್ವಲ್ಲಪ್ಪಾ...” ಸೆರಗಿನಿಂದ ಸರಸರ ಒರೆಸುವ ಸದ್ದು. “ಬಂದ್ಲು ಬಂದ್ಲು. ಕಂಡ್ರೆ ಬೈತಾಳೆ ಅವ್ಳು.”

ಹೆಂಗಸರೆಲ್ಲ ಘೊಳ್ಳೆಂದು ನಕ್ಕರು. ಕಾವ್ಯ ನಗುತ್ತಲೇ ಅಳುತ್ತಿದ್ದಳು. ನಾನು ನಗಲಿಲ್ಲ. ಅರಕಲಗೂಡಿನಲ್ಲಿ ಬೆರಳು ಕೂಡಿಸಿ ಅವಳು ತೋರಿಸಿದ್ದು ಏನೆಂದು ಈಗ ತಿಳಿಯಿತು. ಬಾಯಿದ್ದಾಗ ನನ್ನ ಬಾಯಿಗೆ ಹೆದರಿ ಅತ್ತೆ ಹೇಳಲಿಲ್ಲ. ಬಾಯಿ ಹೋದ ಮೇಲೆ ಧೈರ್ಯ ಮಾಡಿ ಕೈಯಲ್ಲಿ ಹೇಳಿದರೆ ನಾನು ಅದನ್ನೂ ಮುಗಿಸಗೊಡಲಿಲ್ಲ. ನಾಚಿಕೆಯಾಯಿತು. ಅತ್ತೆಯ ಕಡೆ ನೋಡಿದೆ. ಸಿಕ್ಕಿಬಿದ್ದ ಮಗುವಿನ ಹಾಗೆ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ಕೂತಿದ್ದಳು.

ಮರುದಿನ ಹಸೆಗೆ ಕರೆಯುವ ಹೊತ್ತಿಗೆ ಮಂಟಪದ ತುಂಬ ಅವಳ ಪದ ಹರಿಯಿತು. ಹಾಡು ಮುಗಿದ ಮೇಲೆ ಅತ್ತೆ ವಧೂವರರಿಗೆ ಅಕ್ಷತೆ ಹಾಕಿ, ಹಿಡಿಯಲ್ಲಿ ಉಳಿದ ನಾಲ್ಕು ಕಾಳು ಹಿಡಿದುಕೊಂಡು ಲ್ಯಾಪ್‌ಟಾಪಿನ ಬಳಿ ಬಂದಳು, ಬಂದು ನನ್ನ ಮುಖ ನೋಡಿದಳು. ಮುಚ್ಚಳ ಮುಚ್ಚಬೇಕೆಂದು ಬುದ್ಧಿ ಹೇಳಿತು. ನಾನು ಅದನ್ನು ಇನ್ನಷ್ಟು ಅಗಲವಾಗಿ ತೆರೆದು ಅವಳ ಮುಂದೆ ಹಿಡಿದೆ.

ಈಗಲೂ ಅದು ಒಮ್ಮೆಗೆ ಏಳುವುದಿಲ್ಲ. ಪಂಡಿತರೂ ಸುಮ್ಮನಾಗಿಲ್ಲ, ಭಾವನವರ ವೈರಸ್ಸು ಈಗ ಹೊಸ ತಳಿಯದಂತೆ. ಅವರೆಲ್ಲರ ಬಗೆಗೂ ನನ್ನ ಅಭಿಪ್ರಾಯ ಎಳ್ಳಷ್ಟೂ ಬದಲಾಗಿಲ್ಲ. ಆದರೆ ಪಕ್ಕದ ಮನೆಯವರಿಗೆ ಬೆಳಗಿನ ಸಹಸ್ರನಾಮ ಕೇಳಿಸುವುದು ನಿಂತಿದೆ. ಯಂತ್ರವನ್ನು ಬೋರಲು ಹಾಕಿ ಮೆತ್ತಗೆ ತಟ್ಟುತ್ತೇನೆ. ಒಂದೊಂದು ದಿನ ಒಂದು ಹಳದಿ ಕಾಳು ಬೀಳುತ್ತದೆ. ಅದನ್ನು ತಲೆಯ ಮೇಲೆ ಹಾಕಿಕೊಂಡು, ಆಮೇಲೆ ಗುಂಡಿ ಒತ್ತುತ್ತೇನೆ.